ಬಿಳಿ ಕಾಲು ಶೋ ದಿನ ತೊಳೆಯುವುದಲ್ಲ

ಕುದುರೆಗಳ ಪ್ರದರ್ಶನ, ಅಂದರೆ ಶೋ ನಡೆಯುವ ಮೈದಾನದ ನಲ್ಲಿಯ ಹತ್ತಿರ ಬೆಳಿಗ್ಗೆ ಬೇಗ ಹೋಗಿ ನೋಡಿ. ಯಾರಾದರೂ ಒಬ್ಬರು ಕುದುರೆಯ ಬಿಳಿ ಕಾಲನ್ನು ಗಡಿಬಿಡಿಯಲ್ಲಿ ಉಜ್ಜುತ್ತಲೇ ಇರುತ್ತಾರೆ. ಕಾಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಅದರ ಮೇಲೇ ಪೌಡರ್ ಬೀಳುತ್ತದೆ. ಪೌಡರ್ ಮುದ್ದೆ ಮುದ್ದೆಯಾಗಿ ಅಂಟುತ್ತದೆ. ಕುದುರೆ ರಿಂಗ್‌ಗೆ, ಅಂದರೆ ತೀರ್ಪುಗಾರರ ಮುಂದಿನ ಅಂಗಳಕ್ಕೆ ಹೋಗುವ ಹೊತ್ತಿಗೂ ಕಾಲು ಪೂರ್ತಿ ಒಣಗಿರುವುದಿಲ್ಲ. ಅಷ್ಟು ಕಷ್ಟಪಟ್ಟರೂ ಬಿಳುಪು ಮಾತ್ರ ಬಂದಿರುವುದಿಲ್ಲ.

ಶೋಗಳಿಗೆ ಕುದುರೆ ತಯಾರು ಮಾಡುವುದೇ ನನ್ನ ಕೆಲಸ. ಯಾವ ಶಾಂಪೂ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ಒಣಗಿಸಬೇಕು ಅಂತ ಕೇಳುವವರು ಕಡಿಮೆ. ಬಿಳಿ ಕೂದಲು ಒದ್ದೆಯಾದಾಗ ಬೆಳಕು ಅದನ್ನು ದಾಟಿ ಒಳಗೆ ಹೋಗುತ್ತದೆ, ಅಡಿಯಲ್ಲಿರುವ ಗುಲಾಬಿ ಚರ್ಮ ಕಾಣುತ್ತದೆ. ಒಣಗಿದ ಮೇಲಷ್ಟೇ ಕೂದಲು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ, ಆಗ ಕಣ್ಣಿಗೆ ಬಿಳಿ ಅನಿಸುತ್ತದೆ. ಹಾಗಾಗಿ ಕಾಲಿನ ದೊಡ್ಡ ಸ್ನಾನ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೇ ಮುಗಿದಿರಬೇಕು. ಬೆಳಿಗ್ಗೆಗೆ ಒಂದೆರಡು ಕಲೆ ಒರೆಸುವ ಕೆಲಸ ಮಾತ್ರ ಉಳಿಯಬೇಕು.

ತೊಳೆಯುವ ಮೊದಲು ಅದು ಯಾವ ಕಲೆ ಅಂತ ನೋಡಿ. ಕೆಸರಾದರೆ ಚಿಂತೆ ಬೇಡ. ಪೂರ್ತಿ ಒಣಗಲು ಬಿಟ್ಟು ಮೆತ್ತನೆಯ ಬ್ರಷ್‌ನಿಂದ ಉದುರಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಹಸಿ ಕೆಸರನ್ನು ಉಜ್ಜಬೇಡಿ, ಅದರಲ್ಲಿರುವ ಮರಳು ಚರ್ಮವನ್ನು ಗೀರುತ್ತದೆ. ಹಸಿರು ಕಲೆ ಹುಲ್ಲಿನದ್ದು, ಇಲ್ಲವೇ ಲದ್ದಿಯದ್ದು. ತಾಜಾ ಇದ್ದಾಗ ನೀರು, ಸ್ವಲ್ಪ ಶಾಂಪೂ ಸಾಕು. ಒಂದು ರಾತ್ರಿ ಹಾಗೇ ಬಿಟ್ಟರೆ ಕೂದಲಿಗೆ ಇಳಿಯುತ್ತದೆ.

ಹಟಮಾರಿ ಅಂದರೆ ಮೂತ್ರದ ಕಲೆ. ಕುದುರೆಯ ಮೂತ್ರದಲ್ಲಿ ಗಾಳಿ ತಾಗಿದ ಮೇಲೆ ಬಣ್ಣ ಬದಲಿಸುವ ವಸ್ತುಗಳಿವೆ. ಬರುವಾಗ ತಿಳಿ ಹಳದಿ ಇದ್ದದ್ದು ಸ್ವಲ್ಪ ಹೊತ್ತಿಗೆ ಕೆಂಪು ಮಿಶ್ರಿತ ಕಂದು ಆಗುತ್ತದೆ. ಲಾಯದಲ್ಲಿ ಹಾಸಿದ ಹೊಟ್ಟಿನ ಮೇಲೆ ಆ ಕೆಂಪು ಕಂಡು ರಕ್ತ ಅಂತ ಹೆದರಿದವರೂ ಇದ್ದಾರೆ. ಬರುವಾಗಲೇ ಕೆಂಪಗಿದ್ದರೆ ಮಾತ್ರ ವೈದ್ಯರನ್ನು ಕರೆಯಬೇಕು. ಇದೇ ಕಂದು ಹಿಂಗಾಲಿನ ಮಡಿಚಿನ ಹೊರಬದಿಯಲ್ಲಿ ದಿನದಿನವೂ ಪದರ ಕಟ್ಟುತ್ತದೆ, ಯಾಕೆಂದರೆ ಕುದುರೆ ಮಲಗಿದಾಗ ಆ ಜಾಗವೇ ನೆಲಕ್ಕೆ ಒತ್ತಿಕೊಳ್ಳುವುದು. ಅಲ್ಲಿ ಕೂತ ಹಳೆಯ ಕಲೆಯನ್ನು ಒಂದೇ ಸ್ನಾನದಲ್ಲಿ ತೆಗೆಯುವ ಶಾಂಪೂವನ್ನು ನಾನಂತೂ ಕಂಡಿಲ್ಲ. ಅದಕ್ಕೇ ಶೋಗೆ ಒಂದು ವಾರ ಮೊದಲಿನಿಂದಲೇ ಲಾಯದ ಕಡೆ ಗಮನ ಕೊಡಿ. ಹಾಸು ದಪ್ಪಗಿರಲಿ. ಒದ್ದೆಯಾದ ಭಾಗವನ್ನು ದಿನಾ ತೆಗೆಯಿರಿ. ರಾತ್ರಿ ಮಲಗುವ ಮೊದಲು ಇನ್ನೊಮ್ಮೆ ಹೋಗಿ ಲದ್ದಿ ಎತ್ತಿ ಬನ್ನಿ. ದುಬಾರಿ ಬಾಟಲಿಗಿಂತ ಇದರ ಫಲ ಜಾಸ್ತಿ.

ಕೂದಲು ಉದ್ದವಿದ್ದರೆ ಕಲೆ ಹಿಡಿಯುವುದೂ ಹೆಚ್ಚು, ಒಣಗುವುದೂ ತಡ. ಟ್ರಿಮ್ ಮಾಡುವುದಿದ್ದರೆ ಕೆಲವು ದಿನ ಮೊದಲೇ ಮಾಡಿ. ಹೊಸದಾಗಿ ಕತ್ತರಿಸಿದ ಕಾಲಿನಲ್ಲಿ ಮೆಷಿನ್ ಗೆರೆ ಕಾಣುತ್ತದೆ, ಚರ್ಮವೂ ಇಣುಕುತ್ತದೆ. ಕ್ಲೈಡ್ಸ್‌ಡೇಲ್, ಶೈರ್‌ನಂಥ ಭಾರಿ ಗಾತ್ರದ ತಳಿಗಳ ಮಾತು ಬೇರೆ. ಗೊರಸಿನ ಮೇಲೆ ಇಳಿಬಿದ್ದ ಆ ಜೂಲಿನಂಥ ಕೂದಲೇ ಅವುಗಳ ಚೆಂದ, ಅದಕ್ಕೆ ಕತ್ತರಿ ಹಾಕುವಂತಿಲ್ಲ.

ಇನ್ನು ತೊಳೆಯುವ ಕೆಲಸ. ನೀರು ಉಗುರು ಬೆಚ್ಚಗಿರಲಿ. ಗೊರಸಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಿ, ಕುದುರೆ ಬೆಚ್ಚಿ ಬೀಳುವುದಿಲ್ಲ. ಮಂಡಿಯೂರಿ ಕೂರಬೇಡಿ. ಥಟ್ಟನೆ ಎದ್ದು ಸರಿಯಲು ಆಗುವಂತೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿರಿ. ಶಾಂಪೂವನ್ನು ನೇರ ಕಾಲಿಗೆ ಸುರಿಯದೆ ಬಕೆಟ್‌ನಲ್ಲಿ ನೀರಿಗೆ ಬೆರೆಸಿಕೊಳ್ಳಿ. ಆಗ ಸಮನಾಗಿ ಹರಡುತ್ತದೆ, ತೊಳೆದು ತೆಗೆಯುವುದೂ ಸುಲಭ. ಮಂಡಿಯ ಕೆಳಗೆ ಕುದುರೆಗೆ ಮಾಂಸವೇ ಇಲ್ಲ ಅನ್ನಬಹುದು. ಚರ್ಮ, ಸ್ನಾಯುರಜ್ಜು, ಮೂಳೆ, ಅಷ್ಟೇ. ಅಲ್ಲಿ ಗಟ್ಟಿ ಬ್ರಷ್ ಆಡಿಸಿದರೆ ಅದಕ್ಕೆ ನೋಯುತ್ತದೆ. ನಾನು ಬೆರಳ ತುದಿಯಲ್ಲೇ ಉಜ್ಜುತ್ತೇನೆ, ಮೊದಲು ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಆಮೇಲೆ ಅದರ ಜೊತೆಗೆ. ಬೆರಳಿಗೆ ಇನ್ನೊಂದು ಉಪಯೋಗವೂ ಇದೆ. ಸಣ್ಣ ಗಾಯ, ಹಕ್ಕಳೆ, ಬಿಸಿ, ಊತ ಎಲ್ಲ ಗೊತ್ತಾಗುತ್ತದೆ. ಬ್ರಷ್‌ಗೆ ಅದು ಗೊತ್ತಾಗುವುದಿಲ್ಲ, ಅಲ್ವಾ?

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಕಾಲು ಫಳಫಳ ಅನ್ನುತ್ತದೆ ಅಂತ ಹೇಳುವವರಿದ್ದಾರೆ. ಆ ದಿನದ ಮಟ್ಟಿಗೆ ನಿಜ. ಆದರೆ ಅದು ಕೂದಲಿನ ಜಿಡ್ಡನ್ನೆಲ್ಲ ಕಿತ್ತು ಹಾಕುತ್ತದೆ. ಕಲೆ ಕೂದಲಿಗೆ ಇಳಿಯದಂತೆ ತಡೆಯುವುದೇ ಆ ಜಿಡ್ಡು. ಒರಟಾದ ಕೂದಲು ಮುಂದಿನ ಕಲೆಯನ್ನು ಇನ್ನೂ ಬೇಗ ಹೀರುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಅಂತೂ ಬೇಡವೇ ಬೇಡ. ಗುಲಾಬಿ ಚರ್ಮ ಸುಡುತ್ತದೆ.

ನೇರಳೆ ಶಾಂಪೂ ಬಗ್ಗೆ ಜನರಿಗೆ ನಂಬಿಕೆ ಸ್ವಲ್ಪ ಅತಿಯೇ ಇದೆ. ಅದು ಕಲೆ ತೆಗೆಯುವುದಿಲ್ಲ. ಹಳದಿಗೆ ಎದುರು ಬಣ್ಣ ನೇರಳೆ, ಕೂದಲ ಮೇಲೆ ತೆಳುವಾಗಿ ಅದು ಕೂತಾಗ ಹಳದಿ ಛಾಯೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಹಸಿರು, ಗಾಢ ಕಂದು ಕಲೆಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಆದ್ದರಿಂದ ಮೊದಲು ಸಾದಾ ಶಾಂಪೂವಿನಿಂದ ಕೊಳೆ ತೆಗೆದು, ಆಮೇಲೆ ನೇರಳೆಯದ್ದು ಹಚ್ಚಿ. ಲೇಬಲ್ ಮೇಲೆ ಹೇಳಿದ ಸಮಯಕ್ಕಿಂತ ಜಾಸ್ತಿ ಬಿಟ್ಟರೆ ಕಾಲಿಗೆ ನೇರಳೆ ಬಣ್ಣವೇ ಹಿಡಿಯುತ್ತದೆ. ಒಣಗಿ ಒರಟಾದ ಕೂದಲಿಗೆ ಇನ್ನೂ ಬೇಗ ಹಿಡಿಯುತ್ತದೆ. ಮೊದಲ ಸಲ ಬಳಸುವವರು ಶೋ ಹತ್ತಿರ ಬಂದಾಗ ಪ್ರಯೋಗ ಮಾಡದೆ, ವಾರಗಳ ಮೊದಲೇ ಒಂದು ಕಾಲಿಗೆ ಹಚ್ಚಿ ನೋಡಿ.

ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ನೀರು ಹಾಯಿಸಿ. ಗೊರಸಿನ ಹಿಂದೆ, ಮೇಲುಗಡೆ ಒಂದು ಗುಳಿ ಇದೆ. ನೊರೆ ಅಡಗಿ ಕೂರುವುದು ಅಲ್ಲೇ. ಕೂದಲನ್ನು ಬೆರಳಿನಿಂದ ಬಿಡಿಸಿ, ಚರ್ಮಕ್ಕೆ ನೀರು ಮುಟ್ಟಿದೆಯಾ ಅಂತ ನೋಡಿ. ಉಳಿದ ಶಾಂಪೂ ಒಣಗಿದರೆ ಚರ್ಮದಲ್ಲಿ ಹೊಟ್ಟು ಏಳುತ್ತದೆ, ತುರಿಕೆ ಬರುತ್ತದೆ.

ಆಮೇಲೆ ಟವೆಲ್. ಕೈಯಲ್ಲೇ ನೀರು ಹಿಂಡಿ ತೆಗೆದು, ಒಣ ಟವೆಲ್‌ನಿಂದ ಕಾಲನ್ನು ಸುತ್ತಿ ಒತ್ತಿ. ಅದು ಒದ್ದೆಯಾದರೆ ಇನ್ನೊಂದು ತೆಗೆದುಕೊಳ್ಳಿ. ಆ ಗುಳಿಯನ್ನು ಮಾತ್ರ ಬೆರಳಿಗೆ ಟವೆಲ್ ಸುತ್ತಿಕೊಂಡು ಒರೆಸಿ. ಬಹಳ ಹೊತ್ತು ನೆನೆದ ಚರ್ಮ ಮೆತ್ತಗಾಗುತ್ತದೆ, ಸೋಂಕು ಒಳಗೆ ನುಗ್ಗಲು ದಾರಿ ಆಗುತ್ತದೆ. ಕಾಲು ಒಣಗುವವರೆಗೆ ಕುದುರೆಯನ್ನು ಶುದ್ಧವಾದ, ಒಣ ನೆಲದ ಮೇಲೆ ನಿಲ್ಲಿಸಿ. ನೇರ ಲಾಯಕ್ಕೆ ಬಿಟ್ಟರೆ ಒದ್ದೆ ಕೂದಲಿಗೆ ಹೊಟ್ಟು, ಧೂಳು ಎಲ್ಲ ಮೆತ್ತಿಕೊಳ್ಳುತ್ತದೆ.

ತೊಳೆದ ಕಾಲು ಮತ್ತೆ ಕೊಳೆಯಾಗದಂತೆ ರಾತ್ರಿ ಬ್ಯಾಂಡೇಜ್ ಕಟ್ಟುವುದು ಒಳ್ಳೆಯ ಉಪಾಯವೇ, ಆದರೆ ಕಟ್ಟಲು ಬಲ್ಲವರಿಗೆ ಮಾತ್ರ. ಕಾಲು ಪೂರ್ತಿ ಒಣಗಿರಬೇಕು, ಒಳಗೆ ದಪ್ಪ ಪ್ಯಾಡ್ ಇರಬೇಕು, ಬಿಗಿ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಸ್ನಾಯುರಜ್ಜುಗೆ ಪೆಟ್ಟು. ಕೈ ಪಳಗದವರು ಬ್ಯಾಂಡೇಜ್ ಬಿಟ್ಟು, ಹೊಸ ಹಾಸು ಹಾಕಿ ಮಲಗಿಸುವುದೇ ಮೇಲು. ಹೇಗೂ ಹಿಂಗಾಲಿನ ಮಡಿಚನ್ನು ಆ ಬ್ಯಾಂಡೇಜ್ ಮುಚ್ಚುವುದಿಲ್ಲ.

ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲೋ ಒಂದು ಕಲೆ ಇದ್ದೇ ಇರುತ್ತದೆ. ಆ ಜಾಗವನ್ನಷ್ಟೇ ಸ್ಪಂಜಿನಿಂದ ಒರೆಸಿ, ಟವೆಲ್ ಒತ್ತಿ. ಬಿಳಿ ಪೌಡರ್ ಹಾಕುವುದು ಈಗ. ಮೆಕ್ಕೆಜೋಳದ ಸ್ಟಾರ್ಚ್ ಆದರೂ ಆಗುತ್ತದೆ. ಕೂದಲು ಕೈಗೆ ತಣ್ಣಗೆ ಅನಿಸುವಷ್ಟು ತೇವ ಇದ್ದರೆ ಸಾಕು. ಪೌಡರ್ ತಟ್ಟಿ, ಒಣಗಲು ಬಿಟ್ಟು, ಹೆಚ್ಚಾದದ್ದನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಕುದುರೆಯ ಮೂಗಿನ ಹತ್ತಿರ ಧೂಳೆಬ್ಬಿಸಬೇಡಿ, ಅದರ ಶ್ವಾಸಕೋಶ ಬಹಳ ಸೂಕ್ಷ್ಮ. ಉದ್ದ ಕೂದಲಿನ ಭಾರಿ ತಳಿಗಳಿಗೆ ಬಿಳಿ ಮರದ ನುಣ್ಣನೆಯ ಹುಡಿ ಹಾಕಿ ಉಜ್ಜುವ ಹಳೆಯ ಪದ್ಧತಿ ಇದೆ. ಹುಡಿ ನೀರನ್ನು ಹೀರುತ್ತದೆ, ಕೂದಲು ಹತ್ತಿಯಂತೆ ಅರಳುತ್ತದೆ. ಹೊಳಪಿನ ಸಿಲಿಕೋನ್ ಸ್ಪ್ರೇ ಹೊಡೆದ ಕಾಲಿಗೆ ಮಾತ್ರ ಪೌಡರ್ ನಿಲ್ಲುವುದಿಲ್ಲ, ಜಾರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಗೊರಸಿಗೆ ಎಣ್ಣೆ, ಪಾಲಿಶ್ ಎಲ್ಲಕ್ಕಿಂತ ಕೊನೆಗೆ. ಮೊದಲೇ ಹಚ್ಚಿದರೆ ಪೌಡರ್ ಎಲ್ಲ ಅದಕ್ಕೆ ಅಂಟುತ್ತದೆ. ನೀವು ಹೋಗುವ ಶೋನಲ್ಲಿ ಪೌಡರ್, ಬಣ್ಣ ಬಳಸಬಹುದಾ ಅಂತ ನಿಯಮ ಓದಿಕೊಂಡೇ ಹೋಗಿ. ಎಲ್ಲ ಕಡೆ ಒಂದೇ ನಿಯಮ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ತೊಳೆಯುವಾಗ ಗುಳಿಯಲ್ಲಿ ಹಕ್ಕಳೆ ಸಿಕ್ಕಿತು, ಮುಟ್ಟಿದರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ ಅಂದರೆ ಅಲ್ಲಿಗೆ ನಿಲ್ಲಿಸಿ. ಅದು ಕೊಳೆ ಅಲ್ಲ. ತೇವದಲ್ಲಿ ಬೆಳೆಯುವ ಡರ್ಮಟೋಫಿಲಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಬಿಳಿ ಕಾಲಿನಲ್ಲೇ ಇದು ಹೆಚ್ಚಾಗಿ ಕಾಣುತ್ತದೆ. ಹಕ್ಕಳೆಯನ್ನು ಕೀಳಬೇಡಿ, ಪೌಡರ್‌ನಿಂದ ಮುಚ್ಚಬೇಡಿ, ವೈದ್ಯರಿಗೆ ತೋರಿಸಿ. ಇನ್ನೊಂದು ಲಕ್ಷಣವೂ ಇದೆ. ಕಪ್ಪು ಚರ್ಮದ ಭಾಗವೆಲ್ಲ ಚೆನ್ನಾಗಿದೆ, ಬಿಳಿ ಇರುವ ಕಡೆ ಮಾತ್ರ ಕೆಂಪಗಾಗಿ, ಊದಿ, ಸಿಪ್ಪೆ ಏಳುತ್ತಿದೆ. ಬರೀ ಬಿಸಿಲಿನ ಸುಡುವಿಕೆಯೂ ಇರಬಹುದು. ಆದರೆ ಕೆಲವು ಗಿಡ ತಿಂದಾಗ, ಯಕೃತ್ತು ಕೆಟ್ಟಾಗ ರಕ್ತದಲ್ಲಿ ಸೇರುವ ವಸ್ತುಗಳು ಬಿಸಿಲು ಬಿದ್ದ ಬಣ್ಣವಿಲ್ಲದ ಚರ್ಮವನ್ನು ಹೀಗೇ ಸುಡುತ್ತವೆ. ಅಂಥ ಕುದುರೆಯನ್ನು ತಕ್ಷಣ ನೆರಳಿಗೆ ಒಯ್ದು ವೈದ್ಯರನ್ನು ಕರೆಸಿ. ಶೋ ಮುಂದಿನ ಸಲ ನೋಡಿಕೊಳ್ಳೋಣ.

ಎಲ್ಲ ಸರಿಯಾಗಿ ನಡೆದು ರಿಂಗ್‌ನಿಂದ ಹೊರಗೆ ಬಂದ ಮೇಲೂ ಒಂದು ಕೆಲಸ ಇದೆ. ಪೌಡರನ್ನು ರಾತ್ರಿಯೆಲ್ಲ ಕಾಲಿನಲ್ಲಿ ಬಿಡಬೇಡಿ, ಅದು ಚರ್ಮವನ್ನು ಒಣಗಿಸುತ್ತದೆ. ಬ್ರಷ್‌ನಿಂದ ಉದುರಿಸಿ, ಸಾದಾ ನೀರಿನಲ್ಲಿ ತೊಳೆದು, ಮತ್ತೆ ಆ ಗುಳಿಯವರೆಗೂ ಒರೆಸಿ ಒಣಗಿಸಿ, ಆಮೇಲೆ ಲಾಯಕ್ಕೆ ಬಿಡಿ.