ಪೋಳೆಂ ಪೆಟ್ರೋಲು, ದಾಬೋಳಿ ಟಿಕೆಟ್ಟು

ಗಡಿಯಾಚೆ ತೆರಿಗೆ ಕಮ್ಮಿಯಾದರೆ ಏನಾಗುತ್ತದೆ ಎಂದು ಕಾರವಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2012ರಲ್ಲಿ ಗೋವಾದ ಆಗಿನ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಪೆಟ್ರೋಲಿನ ವ್ಯಾಟನ್ನು ಹೆಚ್ಚೂಕಡಿಮೆ ಪೂರ್ತಿ ತೆಗೆದರು. ಲೀಟರಿಗೆ ಸುಮಾರು 11 ರೂಪಾಯಿ ಇಳಿಯಿತು. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾದ ಪೋಳೆಂ. ಅಲ್ಲಿನ ಬಂಕಿನಲ್ಲಿ ಕೆಎ-30 ನಂಬರಿನ ನಮ್ಮ ಕಾರವಾರದ ಬೈಕುಗಳು ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರತೊಡಗಿದವು. ಅದೇ ಕುಮಟಾದಿಂದ ಹೊರಟರೆ? ಉಳಿಸಿದ್ದು ಹೋಗಿಬರುವ ಪೆಟ್ರೋಲಿಗೇ ಸರಿಹೋಗುತ್ತದೆ.

ವಿಮಾನ ಪ್ರಯಾಣಿಕರ ತೆರಿಗೆಯ ಲೆಕ್ಕವೂ ಇದೇ. ತೆರಿಗೆ ಎಷ್ಟು ಅನ್ನುವುದರ ಜೊತೆಗೆ, ಪಕ್ಕದ ನಿಲ್ದಾಣ ಎಷ್ಟು ದೂರ ಅನ್ನುವುದನ್ನೂ ನೋಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಒಂದೂ ನಾಗರಿಕ ವಿಮಾನ ನಿಲ್ದಾಣವಿಲ್ಲ. ಕಾರವಾರದವರು ಗೋವಾದ ದಾಬೋಳಿಗೆ ಹೋಗುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ. ಹೀಗೆ ಮೂರು ದಿಕ್ಕಿಗೆ ಹಂಚಿಹೋದವರಿಗೆ ನಿಲ್ದಾಣಗಳ ನಡುವಿನ ತೆರಿಗೆ ಪೈಪೋಟಿಯ ಹಿಂದಿನ ಕತೆ ಗೊತ್ತಿರುವುದು ಒಳ್ಳೆಯದು.

ಕತೆಯ ಅತಿ ಸ್ಪಷ್ಟ ಅಧ್ಯಾಯ ನಡೆದದ್ದು ನೆದರ್‌ಲ್ಯಾಂಡ್ಸಿನಲ್ಲಿ. 2008ರ ಜುಲೈ 1ರಿಂದ ಅಲ್ಲಿನ ಸರ್ಕಾರ ಅಲ್ಲಿಂದ ಪ್ರಯಾಣ ಶುರುಮಾಡುವವರಿಗೆ ತೆರಿಗೆ ಹಾಕಿತು. ಯುರೋಪಿನೊಳಗೆ 11.25 ಯೂರೋ, ದೂರದ ಪ್ರಯಾಣಕ್ಕೆ 45 ಯೂರೋ. ಜನ ಸುಮ್ನೆ ಕೊಡಲಿಲ್ಲ, ಕಾರು ಹತ್ತಿ ಗಡಿ ದಾಟಿದರು. ಜರ್ಮನಿಯ ವೇಝೆ ನಿಲ್ದಾಣ ಡಚ್ ಗಡಿಯ ಪಕ್ಕದಲ್ಲೇ ಇದೆ. ಮೊದಲು ಬ್ರಿಟಿಷ್ ವಾಯುಪಡೆಯ ನೆಲೆಯಾಗಿದ್ದ ಜಾಗ ಅದು. ಅಲ್ಲಿಗೆ, ಡ್ಯೂಸೆಲ್‌ಡಾರ್ಫಿಗೆ, ಬ್ರಸೆಲ್ಸಿಗೆ ಡಚ್ಚರು ಹೋಗತೊಡಗಿದರು. ಒಂದೇ ವರ್ಷಕ್ಕೆ, 2009ರ ಜುಲೈಯಲ್ಲಿ, ಸರ್ಕಾರ ತೆರಿಗೆ ಕೈಬಿಟ್ಟಿತು. ತಮಾಷೆ ಎಂದರೆ, 2011ರ ಜನವರಿಯಲ್ಲಿ ಜರ್ಮನಿಯೇ ಇಂಥದ್ದೊಂದು ತೆರಿಗೆ ಶುರುಮಾಡಿತು. ವೇಝೆಗೆ ಸಿಕ್ಕಿದ್ದ ಲಾಭ ಅಲ್ಲಿಗೆ ತಲೆಕೆಳಗಾಯಿತು.

ಬ್ರಿಟನ್ನಿನಲ್ಲಿ ಈ ತೆರಿಗೆ 1994ರಿಂದಲೇ ಇದೆ. ಅದರ ಬಿಸಿ ಜಾಸ್ತಿ ತಟ್ಟಿದ್ದು ಬೆಲ್‌ಫಾಸ್ಟಿಗೆ, ಯಾಕೆಂದರೆ ರಸ್ತೆಯಲ್ಲಿ ಎರಡು ತಾಸು ಹೋದರೆ ಡಬ್ಲಿನ್, ಅದು ಬೇರೆ ದೇಶ. ಐರ್‌ಲ್ಯಾಂಡ್ 2009ರಲ್ಲಿ ಹಾಕಿದ 10 ಯೂರೋ ತೆರಿಗೆಯನ್ನು 2011ರಲ್ಲಿ 3 ಯೂರೋಗೆ ಇಳಿಸಿತು, 2014ರಲ್ಲಿ ಪೂರ್ತಿ ತೆಗೆಯಿತು. ಬೆಲ್‌ಫಾಸ್ಟಿನಿಂದ ಅಮೆರಿಕದ ನ್ಯೂವಾರ್ಕಿಗೆ ಹೋಗುತ್ತಿದ್ದ ಒಂದೇ ವಿಮಾನವನ್ನು ಉಳಿಸಿಕೊಳ್ಳಲು ಉತ್ತರ ಐರ್‌ಲ್ಯಾಂಡ್ 2013ರ ಜನವರಿಯಿಂದ ದೂರದ ನೇರ ವಿಮಾನಗಳ ತೆರಿಗೆ ಸೊನ್ನೆ ಮಾಡಿತು. ಆದರೂ 2017ರ ಜನವರಿಯಲ್ಲಿ ಆ ವಿಮಾನ ನಿಂತೇಹೋಯಿತು. ತೆರಿಗೆ ಇಳಿಸಿದರೆ ಸಾಕು, ವಿಮಾನ ತಾನಾಗಿ ಉಳಿಯುತ್ತದೆ ಎನ್ನುವವರು ಇದನ್ನೊಮ್ಮೆ ನೋಡಬೇಕು.

ನಮ್ಮ ದೇಶದಲ್ಲೂ ಪ್ರಯಾಣಿಕರ ಮೇಲೆ ಇಂಥ ತೆರಿಗೆ ಇತ್ತು. ದೇಶದೊಳಗಿನ ಟಿಕೆಟ್ಟಿಗೆ ಶೇ 15ರಷ್ಟು ಹೇರುತ್ತಿದ್ದ ಅದನ್ನು 2004ರ ಜನವರಿಯಲ್ಲಿ ತೆಗೆದರು. ಈಗ ಟಿಕೆಟ್ ಪ್ರಿಂಟ್ ತೆಗೆದು ನೋಡಿ. ಮೂಲ ದರದ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ನಾಲ್ಕು ಸಾಲು ಇರುತ್ತವೆ. ಒಂದು ಭದ್ರತಾ ಶುಲ್ಕ. 2019ರ ಜುಲೈಯಲ್ಲಿ 150 ರೂಪಾಯಿ ಇದ್ದದ್ದು 2021ರ ಏಪ್ರಿಲ್‌ನಿಂದ 200 ಆಯಿತು. ಇನ್ನೊಂದು ಜಿಎಸ್‌ಟಿ, ಎಕಾನಮಿ ಸೀಟಿಗೆ ಶೇ 5. ಇವೆರಡೂ ನಮ್ಮ ಕಡೆ ಎಲ್ಲಿ ಹತ್ತಿದರೂ ಒಂದೇ ದರ, ಹಾಗಾಗಿ ಪೈಪೋಟಿಗೂ ಇವಕ್ಕೂ ಸಂಬಂಧವಿಲ್ಲ. ಆಟ ಶುರುವಾಗುವುದು ಬಳಕೆದಾರರ ಅಭಿವೃದ್ಧಿ ಶುಲ್ಕದಲ್ಲಿ, ಅಂದರೆ ಯುಡಿಎಫ್‌ನಲ್ಲಿ. ಇದು ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಹೊಸ ಟರ್ಮಿನಲ್ ಕಟ್ಟಿದವರು ಖರ್ಚು ವಾಪಸು ಪಡೆಯುವುದು ಇದರಿಂದಲೇ. ದೊಡ್ಡ ನಿಲ್ದಾಣಗಳ ದರವನ್ನು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡುತ್ತದೆ.

ಆದರೆ ನಿಜವಾದ ಪೆಟ್ಟು ಟಿಕೆಟ್ಟಿನಲ್ಲಿ ಕಾಣುವುದಿಲ್ಲ. ವಿಮಾನದ ಇಂಧನ ಜಿಎಸ್‌ಟಿಗೆ ಸೇರಿಲ್ಲ. ಅದರ ವ್ಯಾಟ್ ಆಯಾ ರಾಜ್ಯದ ಕೈಯಲ್ಲಿದೆ. ಕಣ್ಣೂರಿನ ಉದಾಹರಣೆ ನೋಡಿ. 2018ರ ಡಿಸೆಂಬರಿನಲ್ಲಿ ಅಲ್ಲಿ ಹೊಸ ನಿಲ್ದಾಣ ಶುರುವಾಯಿತು. ಕೇರಳ ಸರ್ಕಾರ ಅಲ್ಲಿನ ಇಂಧನ ತೆರಿಗೆಯನ್ನು ಶೇ 1ಕ್ಕೆ ಇಳಿಸಿತು. ಪಕ್ಕದ ಕೋಳಿಕ್ಕೋಡಿನಲ್ಲಿ ಅದು ಶೇ 28ರ ಮೇಲಿತ್ತು. ನಮ್ಮ ವಿಮಾನ ಕಿತ್ತುಕೊಳ್ಳುತ್ತೀರಾ ಎಂದು ಕೋಳಿಕ್ಕೋಡಿನವರು ಗಲಾಟೆ ಎಬ್ಬಿಸಿದರು. 2019ರಲ್ಲಿ ಉಳಿದ ನಿಲ್ದಾಣಗಳಿಗೆ ಶೇ 5 ಮಾಡಬೇಕಾಯಿತು.

ಘಟ್ಟದ ಮೇಲೂ ಇಂಥದ್ದೇ ಜಗಳ ನಡೆದಿದೆ. 2018ರಲ್ಲಿ ಹುಬ್ಬಳ್ಳಿ, ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಗೆ ಸೇರಿತು. ಉಡಾನ್ ವಿಮಾನಕ್ಕೆ ಇಳಿಯುವ ಶುಲ್ಕವಿಲ್ಲ, ನಿಲ್ಲುವ ಶುಲ್ಕವಿಲ್ಲ, ಇಂಧನಕ್ಕೆ ರಾಜ್ಯದ ವ್ಯಾಟ್ ಬರೀ ಶೇ 1, ಮೇಲಿಂದ ನಷ್ಟ ತುಂಬಿಕೊಡುವ ಹಣ. ನೂರು ಕಿಲೋಮೀಟರ್ ಒಳಗಿರುವ ಬೆಳಗಾವಿಯಿಂದ ವಿಮಾನಗಳು ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಬಂದವು. ಬೆಳಗಾವಿಯವರು ಸಿಟ್ಟಾಗದೆ ಇರುತ್ತಾರೆಯೇ? ಅವರ ಊರೂ 2019ರಲ್ಲಿ ಉಡಾನ್‌ಗೆ ಸೇರಿತು. ಆದರೆ ನಷ್ಟ ತುಂಬಿಕೊಡುವ ಹಣ ಬರುವುದು ಮೂರು ವರ್ಷ ಮಾತ್ರ.

ನನ್ನ ಅಂದಾಜಿನಲ್ಲಿ ನಮ್ಮ ಕಡೆ ಪ್ರಯಾಣಿಕರನ್ನು ಎಳೆಯುವ ಶಕ್ತಿ ಯುಡಿಎಫ್‌ಗೆ ಅಷ್ಟಿಲ್ಲ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಟ್ಯಾಕ್ಸಿ ಬಾಡಿಗೆಯ ಮುಂದೆ ಕೆಲವು ನೂರು ರೂಪಾಯಿ ಯಾವ ಲೆಕ್ಕ, ಅಲ್ವಾ? ತೆರಿಗೆ ಎಳೆಯುವುದು ವಿಮಾನ ಸಂಸ್ಥೆಗಳನ್ನು. ಅವು ಎಲ್ಲಿ ಇಳಿಯುತ್ತವೋ ನಾವು ಅಲ್ಲಿಗೆ ಹೋಗುತ್ತೇವೆ.

ಗೋವಾದಲ್ಲೇ ನೋಡಿ. ಉತ್ತರ ತುದಿಯ ಮೋಪಾದಲ್ಲಿ 2023ರ ಜನವರಿಯಿಂದ ವಿಮಾನಗಳು ಹಾರುತ್ತಿವೆ. 2024ರ ಜೂನಿನಲ್ಲಿ ಕತಾರ್ ಏರ್‌ವೇಸ್ ದಾಬೋಳಿ ಬಿಟ್ಟು ಅಲ್ಲಿಗೆ ಹೋಯಿತು. ತೆರಿಗೆಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ದಾಬೋಳಿ ನೌಕಾಪಡೆಯ ಜಾಗ, ಅವರ ತರಬೇತಿಯ ಹೊತ್ತಿನಲ್ಲಿ ನಾಗರಿಕ ವಿಮಾನಗಳಿಗೆ ತಡೆ. ಆದರೆ ದೋಹಾಕ್ಕೆ ಹೊರಟ ಕಾರವಾರದವರು ಈಗ ಇಡೀ ಗೋವಾ ದಾಟಬೇಕು.

ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ನಿಲ್ದಾಣದ ಜೊತೆಗೇ ನಾಗರಿಕ ಟರ್ಮಿನಲ್ ಕಟ್ಟುವ ಯೋಜನೆ ಇದೆ. ಅದಕ್ಕಾಗಿ ಜನ ಮನೆ, ಗದ್ದೆ ಬಿಟ್ಟುಕೊಡಬೇಕಾಗಿದೆ. ಅದೂ ದಾಬೋಳಿಯ ಹಾಗೆ ನೌಕಾಪಡೆಯ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕು. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ದಾಬೋಳಿ. ಅಲಗೇರಿಯಲ್ಲಿ ತುಂಬಿಸುವ ಇಂಧನಕ್ಕೆ ಬೆಂಗಳೂರು ಎಷ್ಟು ವ್ಯಾಟ್ ಹಾಕುತ್ತದೆ, ಪಣಜಿ ಅದಕ್ಕಿಂತ ಎಷ್ಟು ಇಳಿಸುತ್ತದೆ ಎಂದು ಕೇಳುವವರು ಈಗಲೇ ಕೇಳಬಹುದು.