ಹಳೇ ಪಿಸಿಗೆ ಯಾವ ಯುನಿಕ್ಸ್? ಮೊದಲು ಮುಚ್ಚಳ ತೆಗೀರಿ

ಹುಬ್ಬಳ್ಳಿಯ ದುರ್ಗದಬೈಲಿನ ಹುಡುಗನೊಬ್ಬ ಅಜ್ಜನ ಅಂಗಡಿಯ ಅಟ್ಟದಿಂದ ಇಳಿಸಿದ ಪಿಸಿಯನ್ನು ಆಟೋದಲ್ಲಿ ಹಾಕ್ಕೊಂಡು ನನ್ನ ಹತ್ರ ಬಂದ. "ಸರ, ಇದಕ್ಕ ಯಾವ ಯುನಿಕ್ಸ್ ಹಾಕೂದ್ರಿ?" "ತಮ್ಮಾ, ಹೆಸರು ಆಮ್ಯಾಲೆ, ಮೊದಲು ಮುಚ್ಚಳ ತಗಿ" ಅಂದೆ. ಯುನಿಕ್ಸ್ ಅಂದರೆ ಹಲವರು ಒಟ್ಟಿಗೆ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಹಲವು ಬಗೆ.

ತೆಗೆದ ಕೂಡಲೇ ನಾನು ನೋಡುವುದು ಬ್ಯಾಟರಿ. 286, 386 ಎಂಬ ಹಳೇ ಪ್ರೊಸೆಸರ್ ಚಿಪ್‌ಗಳ ಬಹಳಷ್ಟು ಬೋರ್ಡ್‌ಗಳಲ್ಲಿ ಬೆರಳಿನ ತುದಿಯಷ್ಟು ದಪ್ಪದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಸೋರಿ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಕರೆಂಟ್ ಕೊಡೋ ಮೊದಲೇ ಅದನ್ನು ಕತ್ತರಿಸಿ ತೆಗೆಯಿರಿ. ಹಾರ್ಡ್‌ಡಿಸ್ಕ್ ಮೇಲಿನ ಚೀಟಿಯ ಫೋಟೋ ತಗೊಳ್ಳಿ. ಕೆಟ್ಟ ಟ್ರ್ಯಾಕ್‌ಗಳ ಪಟ್ಟಿ ಅದರಲ್ಲಿರುತ್ತೆ, ಮುಂದೆ ಇನ್‌ಸ್ಟಾಲ್ ಮಾಡುವಾಗ ಬೇಕಾಗುತ್ತೆ.

ಆಮೇಲೆ ಚಿಪ್. 1981ರ ಐಬಿಎಂ ಪಿಸಿ, 1983ರ ಎಕ್ಸ್‌ಟಿ, ಬೇರೆಯವರು ಮಾಡಿದ ಅವುಗಳ ನಕಲುಗಳಾದ ಕ್ಲೋನ್‌ಗಳಲ್ಲಿ 8088 ಇರುತ್ತದೆ. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈಹಾಕಿದರೆ ತಡೆಯೋ ಶಕ್ತಿ ಆ ಚಿಪ್ಪಿಗಿಲ್ಲ, ಹಾಗಾಗಿ ಒಂದು ತಪ್ಪು ಪ್ರೋಗ್ರಾಂ ಇಡೀ ಸಿಸ್ಟಮನ್ನೇ ನಿಲ್ಲಿಸಬಹುದು. ಇದಕ್ಕೆ ಕಂಪ್ಯೂಟರ್ ಪ್ರೊಫೆಸರ್ ಟನೆನ್‌ಬಾಮ್ ಅವರು 1987ರಲ್ಲಿ ಪಾಠಕ್ಕಂತಲೇ ಬರೆದ ಪುಟ್ಟ ಯುನಿಕ್ಸ್ ಮಿನಿಕ್ಸ್ ಸಾಕು, ಅದು ಬರೀ ಫ್ಲಾಪಿ ಮೇಲೂ ನಡೆಯುತ್ತಿತ್ತು. ಇವತ್ತಿಗೂ ಜನ ಕೆಲಸ ಮಾಡ್ತಿರೋದೇ ಬೇಕು ಅಂದರೆ ಎಲ್ಕ್ಸ್ ಇದೆ. ಯುನಿಕ್ಸ್ ಬಗೆಯ ಉಚಿತ ಸಿಸ್ಟಮ್ ಆದ ಲಿನಕ್ಸ್‌ನ ಪುಟ್ಟ ತಮ್ಮ ಅದು, ಈಗಲೂ ಬೆಳೆಯುತ್ತಿದೆ.

ತಲೆನೋವು 286ರದ್ದು. ಐಬಿಎಂನ 1984ರ ಎಟಿ ಪಿಸಿಯಲ್ಲಿದ್ದ ಈ ಚಿಪ್ಪಿಗೆ ಮೆಮೊರಿ ಕಾಯುವ ಶಕ್ತಿಯೇನೋ ಇದೆ, 16 ಎಂಬಿವರೆಗೂ ಹೋಗುತ್ತೆ, ಆದರೆ ಎಲ್ಲವನ್ನೂ 64 ಕೆಬಿ ತುಂಡುಗಳಲ್ಲೇ ನೋಡುತ್ತೆ, ಅದಕ್ಕೇ ದೊಡ್ಡ ಪ್ರೋಗ್ರಾಂಗಳನ್ನು ಇದಕ್ಕೆ ಹೊಂದಿಸೋದು ತುಂಬಾ ಕಷ್ಟ. ತೊಂಬತ್ತರ ದಶಕದ ಶುರುವಿನಲ್ಲಿ ಇಲ್ಲಿಯ ಹತ್ತಿ ವ್ಯಾಪಾರಿಯೊಬ್ಬರಿಗೆ ಇಂಥದೇ ಕ್ಲೋನ್‌ಗೆ ಝೆನಿಕ್ಸ್ ಎಂಬ ಯುನಿಕ್ಸ್ ಹಾಕಿ, ಸೀರಿಯಲ್ ಕೇಬಲ್‌ನಲ್ಲಿ ಮೂರು ಟರ್ಮಿನಲ್ (ಬರೀ ಪರದೆ, ಕೀಬೋರ್ಡ್) ಜೋಡಿಸಿದ್ದೆ. ಮೂವರು ಗುಮಾಸ್ತರು ಒಂದೇ ಸಲ ಲೆಕ್ಕ ಬರೆಯೋರು, ನಾನು ನೋಡ್ತಾನೇ ನಿಂತುಬಿಡ್ತಿದ್ದೆ! ಕರೆಂಟ್ ಹೋದ ದಿನ ಮಾತ್ರ ಡಿಸ್ಕ್ ಸರಿ ಮಾಡುತ್ತಾ ರಾತ್ರಿಯಾಗುತ್ತಿತ್ತು. ಝೆನಿಕ್ಸ್‌ಗೆ ಸೀರಿಯಲ್ ನಂಬರ್, ಕೀ ಎರಡೂ ಬೇಕು. ಅವು ಇಲ್ಲದಿದ್ದರೆ ಯುನಿಕ್ಸ್‌ನಂಥದ್ದೇ ಆದ ಕೊಹೆರೆಂಟ್ ನೋಡಿ, ಅದರ ಸೋರ್ಸ್ ಕೋಡನ್ನು 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನೆಟ್‌ವರ್ಕ್ ಮಾತ್ರ ಕೇಳಬೇಡಿ.

386 ಇದ್ದರೆ ದಾರಿ ಅಗಲ. ಹಳೇ ಲಿನಕ್ಸ್ ಹಾಕಿ, 4 ಎಂಬಿ ಮೆಮೊರಿ ಇರಲಿ. ಲೆಕ್ಕದ ಚಿಪ್ 387 ಇಲ್ಲದಿದ್ದರೂ ಆ ಕೆಲಸವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಮಾಡಿಕೊಳ್ಳುತ್ತೆ. ಹೊಸ ಲಿನಕ್ಸ್ ಬೇಡ, 2013ರ 3.8 ಆವೃತ್ತಿಯಿಂದ 386ನ್ನು ಕೈಬಿಟ್ಟಿದ್ದಾರೆ.

ಹುಡುಗನದು 286, ಡಿಸ್ಕ್ ನಡೆಸೋ ಎಟಿ ಬಗೆಯ ಕಂಟ್ರೋಲರ್, ಬ್ಯಾಟರಿ ಇನ್ನೂ ಸೋರಿರಲಿಲ್ಲ. ಕೊಹೆರೆಂಟ್ ಹಾಕಿದೆವು. ಈಗ ಅವನು ಹಳೇ ಟರ್ಮಿನಲ್ ಒಂದನ್ನು ಹುಡುಕ್ತಿದ್ದಾನೆ, ನಿಮ್ಮ ಅಟ್ಟದಲ್ಲೂ ಒಂದ್ಸಲ ನೋಡಿ.