ಅಡಿಕೆ ಹಾಳೆಯ ನೀರು, ಗೇರುಸಿಪ್ಪೆಯ ಎಣ್ಣೆ

ಜೂನ್ ತಿಂಗಳು, ಮಳೆ ಬಿಟ್ಟ ಬೆಳಗ್ಗೆ. ಉಡುಪಿಯ ನಮ್ಮ ಮನೆಯ ಹಿಂದಿನ ತೋಟದಲ್ಲಿ ಒಂದು ಅಡಿಕೆ ಹಾಳೆ ಬಿದ್ದಿತ್ತು. ಅದರ ಮಡಿಕೆಯಲ್ಲಿ ಒಂದು ಲೋಟದಷ್ಟು ನೀರು. ಬಗ್ಗಿ ನೋಡಿದರೆ ಹತ್ತಿಪ್ಪತ್ತು ಸೊಳ್ಳೆಮರಿಗಳು ತಲೆ ಕೆಳಗೆ ಮಾಡಿ ನೇತಾಡುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಕುಣಿಯುತ್ತಾ ತಳ ಸೇರಿದವು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂದವು. ಬಾಲದ ಕಡೆಯ ಕೊಳವೆಯಿಂದ ಉಸಿರಾಡಬೇಕಲ್ವಾ?

ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಇಷ್ಟು ನೀರು ಧಾರಾಳ. ಹಾಳೆ, ಗೆರಟೆ, ರಬ್ಬರ್ ಹಾಲು ಹಿಡಿಯುವ ಕಪ್, ಯಾವುದಾದರೂ ಆದೀತು. ಮಂಗಳೂರು ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಕಟ್ಟಡದ ಕೆಲಸಕ್ಕೆ ತುಂಬಿಟ್ಟ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಬಾವಿ ಇಷ್ಟ. ಅದರ ಮರಿ ನೇತಾಡುವುದಿಲ್ಲ, ನೀರಿನ ಮೇಲೆ ಅಡ್ಡಲಾಗಿ ಮಲಗಿರುತ್ತದೆ.

ಸೊಳ್ಳೆಗೆ ಗಿಡದ ಮದ್ದು ಅಂದರೆ ನಮಗೆ ನೆನಪಾಗುವುದು ಹೊಗೆ. ಸಂಜೆ ಹಟ್ಟಿಯಲ್ಲಿ ಲಕ್ಕಿ ಸೊಪ್ಪಿನ ಹೊಗೆ ಹಾಕುತ್ತಾರೆ. ಸೊಳ್ಳೆ ಆಚೆ ಹೋಗುತ್ತದೆ, ಹೊಗೆ ಆರಿದ ಮೇಲೆ ಮತ್ತೆ ಬರುತ್ತದೆ. ಈಡಿಸ್ ಕಚ್ಚುವುದು ಹಗಲಲ್ಲಿ ಬೇರೆ. ಗಿಡದ ವಿಷ ನಿಜವಾಗಿ ಕೆಲಸಕ್ಕೆ ಬರುವುದು ನೀರಿನಲ್ಲಿ, ಸೊಳ್ಳೆಗೆ ರೆಕ್ಕೆ ಬರುವ ಮೊದಲು ಎಂಬುದು ನನ್ನ ನಂಬಿಕೆ.

ಕಹಿಬೇವನ್ನೇ ನೋಡಿ. (ನಮ್ಮ ಕಡೆ ಬರೀ ಬೇವು ಅಂದರೆ ಒಗ್ಗರಣೆಯ ಸೊಪ್ಪು.) ಅದರ ಬೀಜದಲ್ಲಿ ಅಜಾಡಿರಾಕ್ಟಿನ್ ಎಂಬ ವಸ್ತುವಿದೆ. ಸೊಳ್ಳೆಮರಿ ಬೆಳೆದು ಕೋಶವಾಗುವಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚಬೇಕು. ಯಾವಾಗ ಕಳಚಬೇಕೆಂದು ಹೇಳುವುದು ಎಕ್ಡೈಸೋನ್ ಎಂಬ ಹಾರ್ಮೋನು. ಅಜಾಡಿರಾಕ್ಟಿನ್ ಅದರ ಲೆಕ್ಕ ತಪ್ಪಿಸುತ್ತದೆ. ಮರಿ ಹಳೆ ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಇದಕ್ಕೆ ಕೆಲವು ದಿನ ಬೇಕು. ಮರುದಿನವೂ ಮರಿಗಳು ಕುಣಿಯುತ್ತಿದ್ದರೆ ಮದ್ದು ಸೋತಿತು ಅಂದುಕೊಳ್ಳಬೇಡಿ. ಕಹಿಬೇವಿನೆಣ್ಣೆ ನೀರಿಗೆ ಬೆರೆಯುವುದಿಲ್ಲ, ಸ್ವಲ್ಪ ಸಾಬೂನು ನೀರಿನಲ್ಲಿ ಚೆನ್ನಾಗಿ ಕಲಸಿಯೇ ಹಾಕಬೇಕು. ಬಿಸಿಲಿಗೆ ಇದು ಬೇಗ ಕೆಟ್ಟುಹೋಗುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯದಿರುವುದು ಒಳ್ಳೆಯದೇ, ಆದರೆ ಮತ್ತೆ ಮತ್ತೆ ಹಾಕಬೇಕು.

ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ವಿಷಕ್ಕೂ ಬಿಸಿಲು ಆಗದು. ಆ ವಿಷವನ್ನೇ ಹೋಲುವ ಅಲೆಥ್ರಿನ್ ಎಂಬ ಕೃತಕ ವಸ್ತುವನ್ನು 1949ರಲ್ಲಿ ತಯಾರಿಸಿದರು. ಇಂದಿನ ಕಾಯಿಲ್, ಮ್ಯಾಟ್‌ಗಳಲ್ಲಿರುವುದು ಹೆಚ್ಚಾಗಿ ಆ ಜಾತಿಯ ಕೃತಕ ವಸ್ತುಗಳೇ. ಅವುಗಳನ್ನು ತಡೆದುಕೊಳ್ಳಲು ಎಷ್ಟೋ ಕಡೆ ಸೊಳ್ಳೆಗಳು ಕಲಿತುಬಿಟ್ಟಿವೆ. ಕಹಿಬೇವಿನ ಬೀಜದ ಎಣ್ಣೆಯಲ್ಲಿ ಹತ್ತಾರು ವಸ್ತುಗಳು ಒಟ್ಟಿಗೆ ಇರುವುದರಿಂದ ಹಾಗೆ ಕಲಿಯುವುದು ಅಷ್ಟು ಸುಲಭವಲ್ಲ.

ನನಗೆ ಜಾಸ್ತಿ ಆಸೆ ಇರುವುದು ಗೇರಿನ ಮೇಲೆ. ಹಸಿ ಗೇರುಬೀಜ ಒಡೆದವರಿಗೆ ಗೊತ್ತು, ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಟ್ಟು ಚರ್ಮ ಏಳುತ್ತದೆ. ಕಾಡಿನ ಚೇರೆ ಮರದ ಹಾಲು ಮಾಡುವುದೂ ಇದನ್ನೇ, ಎರಡೂ ಒಂದೇ ಕುಟುಂಬದ ಮರಗಳು. ಗೇರೆಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳು ಬೀಜವನ್ನು ಹುಳುಗಳಿಂದ ಕಾಯಲು ಮರ ಮಾಡಿಕೊಂಡ ಕಾವಲು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ ಇದು. ಅದೇ ಬ್ರೆಜಿಲ್‌ನಲ್ಲಿ ಈ ಎಣ್ಣೆಯನ್ನು ಈಡಿಸ್ ಮರಿಗಳ ಮೇಲೆ ಪರೀಕ್ಷಿಸಿದ್ದಾರೆ, ಮರಿಗಳು ಸತ್ತಿವೆ. ಮಂಗಳೂರಿನ ಸುತ್ತ ಗೇರುಬೀಜದ ಕಾರ್ಖಾನೆಗಳು ಎಷ್ಟೊಂದಿವೆ! ಸಿಪ್ಪೆಯ ಎಣ್ಣೆ ಬಣ್ಣಕ್ಕೆ, ವಾಹನದ ಬ್ರೇಕಿಗೆ ಹೋಗುತ್ತದೆ. ಅದರಲ್ಲಿ ಒಂದು ಪಾಲು ನಮ್ಮ ತೋಟಗಳಲ್ಲೇ ಪರೀಕ್ಷೆಗೆ ಬರಬೇಕು. ಎಷ್ಟು ಹಾಕಿದರೆ ಮರಿ ಮಾತ್ರ ಸಾಯುತ್ತದೆ, ಕಪ್ಪೆ ಮೀನು ಉಳಿಯುತ್ತವೆ ಎಂದು ಇಲ್ಲಿಯ ಮಳೆಯಲ್ಲೇ ನೋಡಬೇಕು. ಅಲ್ಲಿಯವರೆಗೆ ಯಾರೂ ಸುಮ್ನೆ ತಂದು ಸುರಿಯಬೇಡಿ. ಬಾವಿಗಂತೂ ಬೇಡವೇ ಬೇಡ. ಗಿಡದ್ದು ಅಂದ ಮಾತ್ರಕ್ಕೆ ವಿಷ ವಿಷವಲ್ಲದೆ ಹೋಗುವುದಿಲ್ಲ.

ಆ ಹಾಳೆಯ ನೀರನ್ನು ಒಣ ಮಣ್ಣು ಸಿಗುವ ಸೂರಿನ ಕೆಳಗೆ ಚೆಲ್ಲಿದೆ. ಹಾಳೆಯನ್ನು ಅಲ್ಲೇ ಬಿಡಲಿಲ್ಲ. ಈಡಿಸ್‌ನ ಮೊಟ್ಟೆ ಅಂಚಿಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಮುಂದಿನ ಮಳೆಗೆ ಒಡೆಯುತ್ತದೆ. ಎರಡು ದಿನ ಒಲೆಯ ಪಕ್ಕ ಒಣಗಿಸಿ, ಬಚ್ಚಲ ಒಲೆಗೆ ಹಾಕಿದೆ.